ಸಲಾಲ ರೋಡ್ ಟ್ರಿಪ್: ಸ್ವಂತ ಗಾಡಿಯೋ, ಬಾಡಿಗೆ ಕಾರೋ? ಹೊರಡುವ ಮೊದಲು ಹಾಕಬೇಕಾದ ಲೆಕ್ಕ

ದುಬೈ: ಜುಲೈ ಬಂತೆಂದರೆ ಯುಎಇಯ ಕನ್ನಡಿಗರ ರೂಮುಗಳಲ್ಲಿ ಒಂದೇ ಮಾತು, 'ಸಲಾಲಕ್ಕೆ ಹೋಗೋಣ್ವಾ?' ಇಲ್ಲಿ 45 ಡಿಗ್ರಿ ಬಿಸಿಲು ಸುಡುತ್ತಿದ್ದರೆ ಒಮಾನಿನ ಆ ತುದಿಯಲ್ಲಿ ಖರೀಫ್ ಮಳೆ, ಮಂಜು, ಹಸಿರು ಗುಡ್ಡ. ರಸ್ತೆ ಬದಿಯಲ್ಲಿ ಎಳನೀರು, ಬಾಳೆತೋಟ ಕಂಡರೆ ಕರಾವಳಿಯವರಿಗೆ ಊರೇ ನೆನಪಾಗುತ್ತದೆ. ಹೋಗೋದು ಅಂತ ತೀರ್ಮಾನವಾದ ಮೇಲೆ ಹುಟ್ಟುವ ಚರ್ಚೆ ಮಾತ್ರ ಬೇಗ ಮುಗಿಯುವುದಿಲ್ಲ: ಇರುವ ಗಾಡಿಯಲ್ಲೇ ಹೋಗುವುದೋ, ಬಾಡಿಗೆ ಕಾರು ತೆಗೆದುಕೊಳ್ಳುವುದೋ?

ಹೆಚ್ಚಿನವರು ದಿನದ ಬಾಡಿಗೆ ನೋಡಿ ತೀರ್ಮಾನಿಸುತ್ತಾರೆ. ಆದರೆ ಬಾಡಿಗೆಗಿಂತ ದೊಡ್ಡ ಲೆಕ್ಕ ಬೇರೆ ಇದೆ. ಗಡಿಯಾಚೆ ಅಪಘಾತವಾದರೆ ಹೊಣೆ ಯಾರ ಮೇಲೆ ಬೀಳುತ್ತದೆ ಎನ್ನುವುದೇ ಆ ಲೆಕ್ಕ.

ದೂರದ ಲೆಕ್ಕ

ದುಬೈಯಿಂದ ಸಲಾಲಕ್ಕೆ ಸುಮಾರು 1,200 ಕಿ.ಮೀ. ಅಲ್ ಐನ್ ಬಳಿ ಗಡಿ ದಾಟಿ ಇಬ್ರಿ, ಆದಂ, ಹೈಮಾ, ತುಮ್ರೈತ್ ಮೂಲಕ ಹೋಗುವುದು ಹೆಚ್ಚಿನವರ ದಾರಿ. ಹೋಗಿ ಬರುವುದಕ್ಕೆ 2,400, ಅಲ್ಲಿ ಸುತ್ತಾಡಲು 300 ಎಂದರೂ ಒಟ್ಟು 2,700 ಕಿ.ಮೀ. ಆಗುತ್ತದೆ. ಲೀಟರಿಗೆ 12 ಕಿ.ಮೀ. ಓಡುವ ಗಾಡಿಗೆ 225 ಲೀಟರ್ ಪೆಟ್ರೋಲ್ ಬೇಕು. ಈ ಖರ್ಚು ಸ್ವಂತ ಗಾಡಿಗೂ ಇದೆ, ಬಾಡಿಗೆ ಕಾರಿಗೂ ಇದೆ.

ವ್ಯತ್ಯಾಸ ಇರುವುದು ಕಿಲೋಮೀಟರ್ ಮಿತಿಯಲ್ಲಿ. ದಿನಕ್ಕೆ ಇಷ್ಟೇ ಓಡಿಸಬೇಕು, ಮೀರಿದರೆ ಕಿ.ಮೀ.ಗೆ ಇಷ್ಟು ಎಂಬ ಷರತ್ತು ಬಾಡಿಗೆ ಒಪ್ಪಂದಗಳಲ್ಲಿ ಸಾಮಾನ್ಯ. ಉದಾಹರಣೆಗೆ ಮಿತಿ ದಿನಕ್ಕೆ 250 ಕಿ.ಮೀ. ಇದ್ದರೆ 6 ದಿನಕ್ಕೆ 1,500 ಆಯಿತು. ಉಳಿದ 1,200 ಕಿ.ಮೀ.ಗೆ ತಲಾ 50 ಫಿಲ್ಸ್ ಅಂತ ಹಿಡಿದರೂ 600 ದಿರ್ಹಂ ಹೆಚ್ಚುವರಿ. ಅಗ್ಗದ ಕಾರು ಅಂತ ತಂದವರು ವಾಪಸ್ ಕೊಡುವಾಗ ಬೆಚ್ಚಿಬೀಳುವುದು ಇಲ್ಲೇ.

ಸ್ವಂತ ಗಾಡಿಗೆ ಬಾಡಿಗೆ ಇಲ್ಲ ನಿಜ, ಹಾಗಂತ ಪುಕ್ಕಟೆಯೂ ಅಲ್ಲ. ಆಯಿಲ್ ಸರ್ವೀಸ್, ಬ್ರೇಕ್ ಪ್ಯಾಡ್, ಟೈರಿನ ಸವೆತ ಎಲ್ಲವೂ ಮಾಲೀಕನ ಜೇಬಿನಿಂದಲೇ ಹೋಗುತ್ತದೆ.

ಗಡಿಯಲ್ಲಿ ಕೇಳುವ ಕಾಗದ

ಸ್ವಂತ ಗಾಡಿಗೆ ಮುಲ್ಕಿಯಾ, ಲೈಸೆನ್ಸ್ ಮತ್ತು ಒಮಾನಿನಲ್ಲಿ ಮಾನ್ಯವಾಗುವ ಇನ್ಶೂರೆನ್ಸ್ ಬೇಕು. ಯುಎಇ ಪಾಲಿಸಿಯಲ್ಲಿ 'ಒಮಾನ್ ಕವರ್' ಅಂತ ಬರೆದಿದ್ದರೂ ಹಲವು ಬಾರಿ ಅದು ಸ್ವಂತ ಗಾಡಿಯ ಹಾನಿಗೆ ಮಾತ್ರ ಇರುತ್ತದೆ. ಎದುರಿನವರಿಗಾದ ನಷ್ಟಕ್ಕೆ 'ಆರೆಂಜ್ ಕಾರ್ಡ್' ಬೇಕು. ಎರಡೂ ಇವೆಯೇ ಎಂದು ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯುವುದು ಒಳ್ಳೆಯದು.

ಗಾಡಿ ಗೆಳೆಯನ ಅಥವಾ ಕಂಪನಿಯ ಹೆಸರಿನಲ್ಲಿದ್ದರೆ ಅವರ ಎನ್‌ಒಸಿ ಇಲ್ಲದೆ ಹೊರಡಬಾರದು. ಬ್ಯಾಂಕ್ ಸಾಲ ಬಾಕಿ ಇದ್ದರೆ ಬ್ಯಾಂಕನ್ನೂ ಮೊದಲೇ ಕೇಳಬೇಕು.

ಬಾಡಿಗೆ ಕಾರನ್ನು ದೇಶದ ಹೊರಗೆ ಒಯ್ಯಲು ಎಲ್ಲಾ ಕಂಪನಿಗಳೂ ಒಪ್ಪುವುದಿಲ್ಲ. ಒಪ್ಪುವವರು ಎನ್‌ಒಸಿ ಪತ್ರ ಮತ್ತು ಒಮಾನ್ ಇನ್ಶೂರೆನ್ಸ್‌ಗೆ ಬೇರೆ ದುಡ್ಡು ಕೇಳುತ್ತಾರೆ. 'ಪರವಾಗಿಲ್ಲ, ಹೋಗಿ ಬನ್ನಿ' ಎಂಬ ಬಾಯಿಮಾತು ಗಡಿಯಲ್ಲಿ ನಡೆಯುವುದಿಲ್ಲ. ವೀಸಾ ನಿಯಮ ಆಗಾಗ ಬದಲಾಗುವುದರಿಂದ ರಾಯಲ್ ಒಮಾನ್ ಪೊಲೀಸರ ವೆಬ್‌ಸೈಟಿನಲ್ಲಿ ಹೊರಡುವ ವಾರವೇ ನೋಡಿಕೊಳ್ಳಬೇಕು.

ಸ್ಟಿಯರಿಂಗ್ ಹಿಡಿಯುವುದು ಯಾರು?

ಅಷ್ಟು ದೂರ ಒಬ್ಬರೇ ಓಡಿಸುವುದು ಅಪಾಯ. ನಾಲ್ವರು ಗೆಳೆಯರು ಸರದಿಯಲ್ಲಿ ಓಡಿಸೋಣ ಅಂತ ಹೊರಡುತ್ತಾರೆ. ಆದರೆ ಬಾಡಿಗೆ ಒಪ್ಪಂದದಲ್ಲಿ ಒಬ್ಬನ ಹೆಸರು ಮಾತ್ರ ಇದ್ದು ಇನ್ನೊಬ್ಬ ಓಡಿಸುವಾಗ ಅಪಘಾತವಾದರೆ ಇನ್ಶೂರೆನ್ಸ್ ಕೈಕೊಡಬಹುದು. ಓಡಿಸುವ ಎಲ್ಲರ ಹೆಸರನ್ನೂ ಮೊದಲೇ ಸೇರಿಸಬೇಕು. ಸ್ವಂತ ಗಾಡಿಯಾದರೂ ಪಾಲಿಸಿಯಲ್ಲಿ ಚಾಲಕನ ವಯಸ್ಸು, ಲೈಸೆನ್ಸ್ ಪಡೆದು ಎಷ್ಟು ಸಮಯವಾಗಿದೆ ಎಂಬ ಷರತ್ತು ಇರುತ್ತದೆ, ಓದಿಕೊಳ್ಳಬೇಕು.

ಇದು ಬರೀ ಕಾಗದದ ಮಾತಲ್ಲ. ಅಪಘಾತದಲ್ಲಿ ಜೀವ ಹೋದರೆ ಗಲ್ಫ್ ದೇಶಗಳಲ್ಲಿ ದಿಯಾ, ಅಂದರೆ ಪರಿಹಾರ ಧನ ಕೊಡಬೇಕು. ಯುಎಇಯಲ್ಲೇ ಅದು 2 ಲಕ್ಷ ದಿರ್ಹಂ. ಸರಿಯಾದ ಇನ್ಶೂರೆನ್ಸ್ ಇದ್ದರೆ ಕಂಪನಿ ಕಟ್ಟುತ್ತದೆ. ಇಲ್ಲದಿದ್ದರೆ ತಿಂಗಳ ಸಂಬಳ ನಂಬಿ ಬಂದವನ ತಲೆ ಮೇಲೆ ಬೀಳುತ್ತದೆ, ಪ್ರಕರಣ ಮುಗಿಯುವ ತನಕ ಊರಿಗೂ ಹೋಗಲಾಗದ ಸ್ಥಿತಿ ಬರಬಹುದು.

ದಾರಿಯಲ್ಲಿ ಕೆಟ್ಟು ನಿಂತರೆ

ಆದಂ ದಾಟಿದ ಮೇಲೆ ಗಂಟೆಗಟ್ಟಲೆ ನೇರ ರಸ್ತೆ, ಎರಡೂ ಬದಿ ಮರಳುಗಾಡು. ಬಂಕ್ ಸಿಕ್ಕಲ್ಲಿ ಅರ್ಧ ಟ್ಯಾಂಕ್ ಇದ್ದರೂ ತುಂಬಿಸುವುದು ಜಾಣತನ. ರೋಡ್‌ಸೈಡ್ ಅಸಿಸ್ಟೆನ್ಸ್ ಯುಎಇಗೆ ಮಾತ್ರವೋ, ಒಮಾನಿಗೂ ಇದೆಯೋ ಎಂದು ಎರಡೂ ಬಗೆಯ ಗಾಡಿಯವರು ಕೇಳಿಕೊಳ್ಳಬೇಕು. ಇಲ್ಲದಿದ್ದರೆ ಹೈಮಾದಿಂದ ಗಾಡಿ ಎಳೆಸುವ ಖರ್ಚಿಗೇ ರಜೆಯ ದುಡ್ಡು ಸಾಲದು.

ಟೈರಿನ ವಯಸ್ಸು ನೋಡಲೇಬೇಕು. ಯುಎಇಯಲ್ಲಿ 5 ವರ್ಷ ಮೀರಿದ ಟೈರಿಗೆ ಅನುಮತಿ ಇಲ್ಲ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ: 2322 ಎಂದರೆ 2022ರ 23ನೇ ವಾರ ತಯಾರಾದದ್ದು. ಬಾಡಿಗೆ ಕಾರಾದರೂ ಇದನ್ನು ನೋಡದೆ ಕೀ ತೆಗೆದುಕೊಳ್ಳಬಾರದು. ಗೀರು, ಗುಳಿಗಳ ವಿಡಿಯೋ ಮಾಡಿಟ್ಟರೆ ಡೆಪಾಸಿಟ್ ವಾಪಸ್ ಕೇಳುವಾಗ ವಾದ ಕಡಿಮೆ.

ಯಾರಿಗೆ ಯಾವುದು?

ಗಾಡಿ ಸ್ವಂತ ಹೆಸರಿನಲ್ಲಿದ್ದು, ಸರ್ವೀಸ್ ಆಗಿ, ಟೈರು ಹೊಸದಿದ್ದು, ಕುಟುಂಬ ಸಮೇತ ವಾರದ ರಜೆಗೆ ಹೊರಡುವವರಿಗೆ ಸ್ವಂತ ಗಾಡಿಯೇ ಲಾಭ. ಗಾಡಿ ಹಳೆಯದಾಗಿದ್ದರೆ, ಅಥವಾ ಸಣ್ಣ ಕಾರಿನಲ್ಲಿ ಐದು ಜನ, ಲಗೇಜು ತುಂಬಬೇಕಾದರೆ, ಗಡಿಯ ಕಾಗದ ಕೊಡುವ ಕಂಪನಿಯಿಂದ ದೊಡ್ಡ ಬಾಡಿಗೆ ಕಾರು ಪಡೆಯುವುದು ಲೇಸು.

ರಜೆ ಮೂರು-ನಾಲ್ಕು ದಿನ ಮಾತ್ರ ಇದ್ದವರಿಗೆ ಮೂರನೇ ದಾರಿ ಇದೆ: ವಿಮಾನದಲ್ಲಿ ಸಲಾಲಕ್ಕೆ ಹೋಗಿ ಅಲ್ಲೇ ಕಾರು ಬಾಡಿಗೆಗೆ ಪಡೆಯುವುದು. ಗಾಡಿಯನ್ನು ಗಡಿ ದಾಟಿಸುವ ತಲೆನೋವಿಲ್ಲ, 2,400 ಕಿ.ಮೀ. ಆಯಾಸವೂ ಇಲ್ಲ. ವಾದಿ ದರ್ಬತ್, ಮುಘ್ಸೈಲ್ ನೋಡಲು ಅಷ್ಟು ಸಾಕು.

ಯಾವ ಗಾಡಿಯಾದರೂ ರಾತ್ರಿ ಓಡಿಸದಿರುವುದು ಕ್ಷೇಮ. ಕತ್ತಲಲ್ಲಿ, ಮಂಜಿನಲ್ಲಿ ರಸ್ತೆಗೆ ಬರುವ ಒಂಟೆ ಹತ್ತಿರವಾಗುವ ತನಕ ಕಾಣುವುದಿಲ್ಲ. ಹೋಗುವ ದಾರಿಯಲ್ಲಿ ಒಂದು ರಾತ್ರಿ ತಂಗುವ ಖರ್ಚನ್ನು ಮೊದಲೇ ಬಜೆಟ್‌ನಲ್ಲಿ ಸೇರಿಸಿಕೊಳ್ಳಬೇಕು. ಒಮಾನಿನಲ್ಲಿ ತುರ್ತು ಕರೆಗೆ 9999. ಗಾಡಿಯಲ್ಲಿರುವ ಎಲ್ಲರ ಮೊಬೈಲಿನಲ್ಲೂ ಈ ನಂಬರ್ ಇರಲಿ.