ಹಾಲಿಲ್ಲದ ಚೀಸ್‌ಗೆ ನೂರು ವರ್ಷದ ಹುಡುಕಾಟ: ಪ್ಯಾರಿಸ್‌ನ ಸೋಯಾದಿಂದ ನಮ್ಮ ಮುರುಗಲು ತುಪ್ಪದವರೆಗೆ



ವೀಗನ್ ಆಗಲು ಹೊರಟ ಯಾರನ್ನಾದರೂ ಕೇಳಿ ನೋಡಿ. ಮೊಟ್ಟೆ ಬಿಟ್ಟೆ, ತುಪ್ಪ ಬಿಟ್ಟೆ, ಕಾಫಿಗೆ ಓಟ್ಸ್ ಹಾಲು ಹಾಕೋದನ್ನೂ ಕಲಿತೆ, ಆದ್ರೆ ಚೀಸ್... ಅಂತ ಅಲ್ಲಿಗೆ ಮಾತು ನಿಲ್ಲುತ್ತೆ. ನಾನೂ ಅದೇ ಗುಂಪಿಗೆ ಸೇರಿದ್ದು. ಅಂಗಡಿಯಿಂದ ತಂದ ವೀಗನ್ ಚೀಸನ್ನ ದೋಸೆ ಮೇಲೆ ತುರಿದು ಹಾಕಿದರೆ ಕರಗುತ್ತೆ, ಹೊಳೆಯುತ್ತೆ, ಫೋಟೋದಲ್ಲಿ ಚೆನ್ನಾಗೇ ಕಾಣುತ್ತೆ. ಬಾಯಿಗಿಟ್ಟರೆ ಉಪ್ಪು ಹಾಕಿದ ಗಂಜಿಯ ನೆನಪಾಗುತ್ತೆ. ಯಾಕೆ ಹೀಗೆ? ನೂರು ವರ್ಷದ ಹಿಂದೆಯೇ ಈ ಪ್ರಶ್ನೆಯ ಹಿಂದೆ ಬಿದ್ದವರೊಬ್ಬರಿದ್ದರು. ಇವತ್ತು ಅವರ ಕತೆ ಹೇಳ್ತೀನಿ. ಆದರೆ ಅದಕ್ಕೂ ಮೊದಲು ಒಂದೆರಡು ನಿಮಿಷ ವಿಜ್ಞಾನ.

ಹಾಲಿನಲ್ಲಿ ಕೆಸೀನ್ ಅನ್ನೋ ಪ್ರೋಟೀನ್ ಇದೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತೆ. ಆ ಉಂಡೆಗಳನ್ನು ಹಿಡಿದಿಡುವ ಅಂಟು ಕ್ಯಾಲ್ಸಿಯಂ. ಹಾಲಿಗೆ ರೆನ್ನೆಟ್ ಎಂಬ ಕಿಣ್ವ ಹಾಕಿದರೆ ಉಂಡೆಗಳ ಹೊರಪದರ ಕತ್ತರಿಸಿಹೋಗಿ ಒಂದಕ್ಕೊಂದು ಅಂಟಿಕೊಂಡು ಬಲೆಯಾಗುತ್ತವೆ. ಬಿಸಿ ತಾಗಿದಾಗ ಆ ಬಲೆ ಸಡಿಲವಾಗುತ್ತೆ, ಎಳೆದರೆ ದಾರದ ಹಾಗೆ ಬರುತ್ತೆ. ಪಿಜ್ಜಾ ಜಾಹೀರಾತಿನ ಆ ಉದ್ದನೆ ಎಳೆ ಇದೇ. ನಮ್ಮ ಪನೀರ್ ಯಾಕೆ ಹಾಗೆ ಎಳೆಯಲ್ಲ? ಕಾದ ಹಾಲಿಗೆ ನಿಂಬೆಹುಳಿ ಬಿದ್ದಾಗ ಆ ಕ್ಯಾಲ್ಸಿಯಂ ಅಂಟು ಕರಗಿಹೋಗುತ್ತೆ. ಹಾಗಾಗಿ ಪನೀರನ್ನ ಹುರಿದರೂ ಅದು ಚೌಕಾಕಾರ ಬಿಡಲ್ಲ. ಹಾಗಂತ ಪನೀರ್ ತಿಂದು ಯಾರಾದರೂ ಎಳೆ ಬರಲಿಲ್ಲ ಅಂತ ಬೇಜಾರು ಮಾಡ್ಕೊಂಡಿದ್ದಾರಾ? ಇಲ್ಲ ಅಲ್ವಾ.

ಅಂದರೆ ಚೀಸ್‌ನಲ್ಲಿ ಎರಡು ಬೇರೆ ಬೇರೆ ಸುಖಗಳಿವೆ. ಒಂದು ಎಳೆ, ಇನ್ನೊಂದು ರುಚಿ. ಎಳೆ ಕೊಡೋದು ಕೆಸೀನ್. ರುಚಿ ಕೊಡೋದು ಹೆಚ್ಚಾಗಿ ಸೂಕ್ಷ್ಮಜೀವಿಗಳು ಮತ್ತು ಕಾಲ. ಬ್ಯಾಕ್ಟೀರಿಯಾ, ಬೂಸ್ಟು ವಾರಗಟ್ಟಲೆ, ತಿಂಗಳುಗಟ್ಟಲೆ ಕೂತು ಪ್ರೋಟೀನನ್ನೂ ಕೊಬ್ಬನ್ನೂ ಒಡೆದು ಗ್ಲುಟಮೇಟ್‌ನಂಥ ರುಚಿಕಣಗಳನ್ನು ಬಿಡುಗಡೆ ಮಾಡುತ್ತವೆ. ಮೊದಲನೇ ಸುಖ ಹಾಲಿನ ಸ್ವತ್ತು. ಎರಡನೆಯದಕ್ಕೆ ಹಸುವೇ ಬೇಕು ಅಂತೇನಿಲ್ಲ. ಈ ವ್ಯತ್ಯಾಸ ಮನಸ್ಸಲ್ಲಿರಲಿ, ಮುಂದಿನ ಕತೆಯೆಲ್ಲ ಇದರ ಮೇಲೇ ನಿಂತಿದೆ.

ಈಗ ಚೀನಾಕ್ಕೆ ಹೋಗೋಣ. ಸೋಯಾ ಅವರೆಯ ಹಾಲು ತೆಗೆದು ಒಡೆದು ಮಾಡುವ ತೋಫು ಅಲ್ಲಿ ಬಹಳ ಹಳೆಯದು. ಹತ್ತನೇ ಶತಮಾನದ ಬರಹದಲ್ಲೇ ಅದರ ಹೆಸರು ಸಿಗುತ್ತದೆ. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದ್ದು ತೋಫುವಿನ ಮುಂದಿನ ಹಂತ, ಫುರು. ತೋಫುವನ್ನು ಸಣ್ಣ ಚೌಕಗಳಾಗಿ ಕತ್ತರಿಸಿ ಅದರ ಮೇಲೆ ಬಿಳಿ ಹತ್ತಿಯಂಥ ಬೂಸ್ಟು ಬೆಳೆಯಲು ಬಿಡುತ್ತಾರೆ. ಆಮೇಲೆ ಉಪ್ಪು ಹಚ್ಚಿ, ಅಕ್ಕಿಯ ಮದ್ಯ ಬೆರೆಸಿದ ಉಪ್ಪುನೀರಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಬೂಸ್ಟಿನ ಕಿಣ್ವಗಳು ಒಳಗಿನ ಪ್ರೋಟೀನನ್ನ ಒಡೆಯುತ್ತಾ ಹೋದಂತೆ ಗಟ್ಟಿ ತೋಫು ಬೆಣ್ಣೆಯ ಹಾಗೆ ಮೆತ್ತಗಾಗುತ್ತೆ. ಗಂಜಿ ಜೊತೆ ಬೆಳಗ್ಗೆ ಒಂದು ಚೂರು ಸಾಕು, ನಮ್ಮ ಉಪ್ಪಿನಕಾಯಿ ಇದ್ದ ಹಾಗೆ. ನಾನು ಮೊದಲ ಸಲ ತಿಂದಾಗ ವಾಸನೆಗೆ ಮುಖ ಕಿವುಚಿದ್ದು ನಿಜ. ಆದರೆ ನಾಲಿಗೆ ಮೇಲೆ ಅದು ಹರಡಿದ ರೀತಿ, ಆಮೇಲೆ ಉಳಿದ ರುಚಿ, ಯಾವುದೋ ಹಳೇ ಚೀಸ್‌ನದ್ದೇ. ಚೀಸ್ ಆಗಬೇಕು ಅಂತ ಯಾರೂ ಅದನ್ನು ಮಾಡಿದ್ದಲ್ಲ. ಸೋಯಾಗೆ ಏನು ಬರುತ್ತೋ ಅದನ್ನೇ ಅದರಿಂದ ಮಾಡಿಸಿದ್ದರು.

ಇಲ್ಲಿಗೆ ಲಿ ಶಿಜೆಂಗ್ ಬರ್ತಾರೆ. ಫ್ರೆಂಚ್ ದಾಖಲೆಗಳಲ್ಲಿ ಲಿ ಯುಯಿಂಗ್. ಹುಟ್ಟಿದ್ದು 1881ರಲ್ಲಿ, ತಂದೆ ಚಿಂಗ್ ಸಾಮ್ರಾಜ್ಯದ ದೊಡ್ಡ ಅಧಿಕಾರಿ. 1902ರಲ್ಲಿ ಚೀನೀ ರಾಯಭಾರಿಯ ಪರಿವಾರದ ಜೊತೆ ಫ್ರಾನ್ಸ್‌ಗೆ ಬಂದ ಹುಡುಗ ಮೋಂತಾರ್ಜಿಯಲ್ಲಿ ಕೃಷಿ ಕಲಿತ, ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಸೋಯಾ ಬಗ್ಗೆ ಸಂಶೋಧನೆ ಮಾಡಿದ. ಹೊತ್ತು ಸಿಕ್ಕಾಗ ಅರಾಜಕತಾವಾದಿ ಪತ್ರಿಕೆಯ ಕೆಲಸ, ಜೊತೆಗೆ ಸಸ್ಯಾಹಾರ. 1905ರಲ್ಲಿ ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ಹೈನು ಸಮ್ಮೇಳನ ನಡೆದಾಗ ಈತ ಅಲ್ಲಿ ಹೋಗಿ ಮಾತಾಡಿದ್ದು ಯಾವುದರ ಬಗ್ಗೆ ಗೊತ್ತಾ? ಸೋಯಾ ಹಾಲಿನ ಬಗ್ಗೆ. ಹೈನುಗಾರರ ಸಭೆಯಲ್ಲಿ ಹಸು ಇಲ್ಲದ ಹಾಲಿನ ಮಾತು!

ಕೆಲವೇ ವರ್ಷಗಳಲ್ಲಿ ಪ್ಯಾರಿಸ್ ಪಕ್ಕದ ಕೊಲೊಂಬ್‌ನಲ್ಲಿ ಅವರು ಸೋಯಾ ಕಾರ್ಖಾನೆಯನ್ನೇ ತೆರೆದರು. ತಮ್ಮ ಸೀಮೆಯ ಗಾವ್ಯಾಂಗ್‌ನಿಂದ ಕೆಲಸಗಾರರನ್ನು ಕರೆಸಿಕೊಂಡರು. ಕೆಲಸ ಮುಗಿದ ಮೇಲೆ ಅವರಿಗೆ ಪಾಠ. ಕೆಲಸವೂ ಓದೂ ಒಟ್ಟಿಗೆ ಅನ್ನುವ ಈ ಪ್ರಯೋಗವೇ ಮುಂದೆ ದೊಡ್ಡ ಚಳವಳಿಯಾಗಿ, 1920ರಲ್ಲಿ ಝೌ ಎನ್‌ಲಾಯ್, ಡೆಂಗ್ ಶಿಯಾವೊಪಿಂಗ್‌ರಂಥ ಹುಡುಗರನ್ನು ಫ್ರಾನ್ಸ್‌ಗೆ ತಂದಿತು. ಆಧುನಿಕ ಚೀನಾದ ಇತಿಹಾಸಕ್ಕೆ ತೋಫು ಕಾರ್ಖಾನೆಯೊಂದರ ನಂಟಿದೆ ಅಂದ್ರೆ ನಂಬಲೇಬೇಕು.

ಕಾರ್ಖಾನೆಯಲ್ಲಿ ಸೋಯಾ ಹಾಲು, ಹಿಟ್ಟು, ಬ್ರೆಡ್, ಬಿಸ್ಕತ್ ಎಲ್ಲ ತಯಾರಾಗುತ್ತಿತ್ತು. 1910ರ ಕೊನೆಗೆ ಲಿ ಬ್ರಿಟನ್‌ನಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು: ಸಸ್ಯದ ಹಾಲು ಮತ್ತು ಅದರಿಂದಾಗುವ ಪದಾರ್ಥಗಳು ಅಂತ. ಅವರ ಸೋಯಾ ಚೀಸ್‌ಗಳು ಮೂರು ಬಗೆ: ಗ್ರುಯೇರ್, ಕಾಮೆಂಬೇರ್ ಮತ್ತು ನೀಲಿ ಬೂಸ್ಟಿನ ರೋಕ್‌ಫೋರ್ ಮಾದರಿಯವು. ಇಷ್ಟೊತ್ತಿಗೆ ವೀಗನ್ ಅನ್ನುವ ಪದ ಹುಟ್ಟೇ ಇರಲಿಲ್ಲ. ಅದನ್ನು ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ಚಾಲ್ತಿಗೆ ತಂದದ್ದು 1944ರಲ್ಲಿ.

ಲಿ ಅವರ ಆಯ್ಕೆ ನೋಡಿ. ಮನೆಯಲ್ಲಿ ಫುರು ಅನ್ನೋ ಪಕ್ವವಾದ ಪರಂಪರೆ ಇದ್ದ ಮನುಷ್ಯ, ಫ್ರೆಂಚರ ಮೇಜಿಗೆ ಫ್ರೆಂಚ್ ಹೆಸರುಗಳನ್ನೇ ಹೊತ್ತು ಹೋದರು. ಒಂದು ಲೆಕ್ಕದಲ್ಲಿ ಜಾಣತನ, ಗೊತ್ತಿಲ್ಲದ ಹೆಸರಿನ ತಿಂಡಿಯನ್ನ ಯಾರು ಕೊಳ್ತಾರೆ? ಇನ್ನೊಂದು ಲೆಕ್ಕದಲ್ಲಿ ಬಲೆ. ರೋಕ್‌ಫೋರ್ ಥರ ಅಂದ ಕೂಡಲೇ ತಿನ್ನೋನು ಅದನ್ನ ಅಸಲಿ ರೋಕ್‌ಫೋರ್ ಜೊತೆ ತೂಗುತ್ತಾನೆ. ಕಾರ್ಖಾನೆ ಬಹುಕಾಲ ನಿಲ್ಲಲಿಲ್ಲ. 1925ರಲ್ಲಿ ಫ್ರಾನ್ಸ್ ಕಾನೂನು ಮಾಡಿ ರೋಕ್‌ಫೋರ್ ಎಂಬ ಹೆಸರನ್ನು ಕುರಿಹಾಲಿನ ಅಸಲಿ ಚೀಸ್‌ಗೆ ಮೀಸಲಿಟ್ಟಿತು. ಲಿ ಆ ಹೊತ್ತಿಗೆ ಬೀಜಿಂಗ್‌ನಲ್ಲಿದ್ದರು. ಅದೇ ವರ್ಷ ಅಲ್ಲಿನ ಅರಮನೆ ಜನರಿಗೆ ತೆರೆದ ವಸ್ತುಸಂಗ್ರಹಾಲಯವಾದಾಗ ಅದರ ಸ್ಥಾಪಕರಲ್ಲಿ ಅವರೂ ಒಬ್ಬರು.

ಆಮೇಲೆ ಬಂದ ಬಹಳಷ್ಟು ವೀಗನ್ ಚೀಸ್‌ಗಳು ಲಿ ಬಿಟ್ಟ ಕಡೆಯಿಂದಲ್ಲ, ಉಲ್ಟಾ ದಿಕ್ಕಿನಿಂದ ಶುರುಮಾಡಿದವು. ರುಚಿ ಬಿಟ್ಟು ಎಳೆಯ ಹಿಂದೆ ಹೋದವು. ಪ್ಯಾಕೆಟ್ ಹಿಂಭಾಗ ಓದಿ: ನೀರು, ಕೊಬ್ಬರಿ ಎಣ್ಣೆ, ಮರಗೆಣಸು ಇಲ್ಲವೇ ಆಲೂಗಡ್ಡೆಯ ಪಿಷ್ಟ, ಉಪ್ಪು, ಫ್ಲೇವರ್. ಪಿಷ್ಟ ಬಿಸಿಗೆ ಲೋಳೆಯಾಗಿ ಹಿಗ್ಗುತ್ತೆ, ಎಣ್ಣೆ ಹೊಳಪು ಕೊಡುತ್ತೆ. ಪ್ರೋಟೀನ್ ಹೆಚ್ಚೂಕಮ್ಮಿ ಇಲ್ಲ. ಒಡೆಯಲು ಪ್ರೋಟೀನೇ ಇಲ್ಲದ ಮೇಲೆ ಬೂಸ್ಟು ತಾನೇ ಏನು ಮಾಡುತ್ತೆ? ಆ ಗಂಜಿ ರುಚಿಗೆ ಇದೇ ಕಾರಣ.

ಹೆಸರಿನ ಜಗಳ ಮಾತ್ರ ಜೋರಾಗಿ ನಡೆದಿದೆ. 2017ರ ಜೂನ್ 14ರಂದು ಯುರೋಪಿನ ನ್ಯಾಯಾಲಯ ಜರ್ಮನಿಯ ತೋಫುಟೌನ್ ಕಂಪನಿಯ ಪ್ರಕರಣದಲ್ಲಿ ಹೇಳಿತು: ಬರೀ ಸಸ್ಯದಿಂದ ಮಾಡಿದ್ದನ್ನು ಹಾಲು, ಬೆಣ್ಣೆ, ಚೀಸ್ ಅಂತ ಮಾರುವಂತಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೂ 2021ರಲ್ಲಿ ಇದೇ ದಾರಿ ಹಿಡಿಯಿತು.

ಹೆಸರು ಬಿಟ್ಟು ಬರೀ ನಾಲಿಗೆಗೆ ಪರೀಕ್ಷೆ ಇಟ್ಟರೆ? 2024ರಲ್ಲಿ ಅಮೆರಿಕದ ಗುಡ್ ಫುಡ್ ಅವಾರ್ಡ್ಸ್‌ನಲ್ಲಿ ಅದೇ ಆಯಿತು. ಚೀಸ್ ವಿಭಾಗದ ಅಂತಿಮ ಪಟ್ಟಿಯಲ್ಲಿ ಹಾಲಿನ ಚೀಸ್‌ಗಳ ನಡುವೆ ಕ್ಲೈಮ್ಯಾಕ್ಸ್ ಎಂಬ ಕ್ಯಾಲಿಫೋರ್ನಿಯಾ ಕಂಪನಿಯ ನೀಲಿ ಚೀಸ್ ಕಾಣಿಸಿಕೊಂಡಿತು. ರುಚಿ ನೋಡುವವರಿಗೆ ಮಾಡಿದವರ ಹೆಸರು ಗೊತ್ತಿರಲ್ಲ. ಒಳಗಿದ್ದದ್ದು ಕುಂಬಳಬೀಜ, ಹೆಂಪ್ ಬೀಜ, ಲೈಮಾ ಬೀನ್ಸ್, ಅಂದರೆ ನಮ್ಮ ಮಾರ್ಕೆಟ್‌ನ ಡಬಲ್ ಬೀನ್ಸ್. ಲಿ ಬಯಸಿದ್ದ ಆ ರೋಕ್‌ಫೋರ್ ಬಗೆಯ ಚೀಸು, ಶತಮಾನದ ಮೇಲೆ ಹಾಲಿನ ಸಾಲಲ್ಲೇ ಕೂತಿತ್ತು. ಆದರೆ ಏಪ್ರಿಲ್‌ನಲ್ಲಿ ಬಹುಮಾನ ಘೋಷಣೆಗೆ ಮೊದಲು ಅದನ್ನು ಪಟ್ಟಿಯಿಂದ ತೆಗೆದುಹಾಕಿದರು.

ಆಗ ವರದಿಗಳಲ್ಲಿ ಚರ್ಚೆಗೆ ಬಂದ ಪದಾರ್ಥ ಯಾವುದು ಅಂದ್ರೆ, ಕೋಕಂ ಬೆಣ್ಣೆ. ನಮ್ಮ ಮಲೆನಾಡಿನ ಮುರುಗಲು, ದಕ್ಷಿಣ ಕನ್ನಡದ ಪುನರ್ಪುಳಿ ಬೀಜದ ಕೊಬ್ಬು! ಅಮೆರಿಕದ ಆಹಾರ ಇಲಾಖೆಯ ಸುರಕ್ಷಿತ ಪದಾರ್ಥಗಳ ವರ್ಗದಲ್ಲಿ ಅದಿನ್ನೂ ಸೇರಿರಲಿಲ್ಲ ಅನ್ನೋದು ತಕರಾರು. ಅದರ ಬದಲು ಕೋಕೋ ಬೆಣ್ಣೆ ಬಳಸುತ್ತಿದ್ದೇವೆ ಅಂತ ಕಂಪನಿ ಹೇಳಿತು. ಉತ್ತರ ಕನ್ನಡದ ಮನೆಗಳಲ್ಲಿ ಮುರುಗಲು ತುಪ್ಪ ಅಂದರೆ ಅಜ್ಜಿಯರು ಒಡೆದ ಹಿಮ್ಮಡಿಗೆ ಹಚ್ಚುವ ಗಟ್ಟಿ ಉಂಡೆ, ಅಡುಗೆಗೂ ಬಳಸುವುದುಂಟು. ಚೀಸ್‌ಗೆ ಅದು ಯಾಕೆ ಬೇಕಾಯ್ತು? ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಕರಗುತ್ತೆ. ಬೆಂಗಳೂರಿನ ಡಿಸೆಂಬರ್‌ನಲ್ಲಿ ಬಾಟಲಿಯೊಳಗೆ ಹೆಪ್ಪುಗಟ್ಟುವುದು ಮಂಗಳೂರಿನ ಮೇ ತಿಂಗಳಲ್ಲಿ ನೀರು. ಮುರುಗಲು ತುಪ್ಪ 38-40 ಡಿಗ್ರಿವರೆಗೂ ಗಟ್ಟಿಯಾಗೇ ಇರುತ್ತೆ. ಹಾಲಿನ ಕೊಬ್ಬಿನ ಹಾಗೆ ಚೀಸ್‌ಗೆ ಮೈಕಟ್ಟು ಕೊಡುವ ಸಸ್ಯಜನ್ಯ ಕೊಬ್ಬುಗಳು ಕಡಿಮೆ, ಅಂಥದ್ದೊಂದು ಪಶ್ಚಿಮ ಘಟ್ಟದ ಬುಡದಲ್ಲೇ ಬೆಳೆಯುತ್ತೆ.

ಸರಿ, ಇಷ್ಟೆಲ್ಲ ಕೇಳಿ ನಾಳೆ ಏನು ತಿನ್ನೋದು? ಪಿಜ್ಜಾ ಮೇಲೆ ಎಳೆಯೇ ಬೇಕು ಅಂದರೆ ಪಿಷ್ಟದ ಪ್ಯಾಕೆಟ್ ತನ್ನಿ, ಜಗಳವಿಲ್ಲ. ಆದರೆ ರುಚಿಗೆ ಅದನ್ನು ನಂಬಬೇಡಿ. ರುಚಿ ಬೇಕಿದ್ದರೆ ಪ್ರೋಟೀನ್, ಕೊಬ್ಬು ಎರಡೂ ಇರುವ ಕಾಳೋ ಬೀಜವೋ ಬೇಕು, ಅದು ಹುಳಿಯಲು ಹೊತ್ತು ಬೇಕು. ಗೋಡಂಬಿ ನೆನೆಸಿ ನುಣ್ಣಗೆ ರುಬ್ಬಿ, ಸಸ್ಯದ ಹಾಲಿನ ಮೊಸರು ಒಂದು ಚಮಚ ಬೆರೆಸಿ, ಬಟ್ಟೆಯಲ್ಲಿ ಕಟ್ಟಿ ಒಂದು ರಾತ್ರಿ ತೂಗುಹಾಕಿ, ಬೆಳಗ್ಗೆ ಉಪ್ಪು ಬೆರೆಸಿ ಫ್ರಿಜ್ಜಿಗಿಡಿ. ಇಡ್ಲಿ ಹಿಟ್ಟಿಗೆ ಕಾಯೋ ನಮಗೆ ಈ ತಾಳ್ಮೆ ಹೊಸದಲ್ಲ. ಅದಕ್ಕೆ ರೋಕ್‌ಫೋರ್ ಅಂತಲೋ ಚೆಡ್ಡಾರ್ ಅಂತಲೋ ಹೆಸರಿಡಬೇಡಿ. ಹೋಲಿಕೆ ಬಿಟ್ಟು ತಿಂದಾಗ ಅದು ಚೆನ್ನಾಗಿರುತ್ತೆ ಅನ್ನೋದು ನನ್ನ ಅನುಭವ.

ಹಾಂ, ಶಿರಸಿ, ಕುಮಟಾ ಕಡೆಯವರು ಯಾರಾದರೂ ಮುರುಗಲು ತುಪ್ಪ ಹಾಕಿ ಇದನ್ನು ಪ್ರಯತ್ನಿಸಿದರೆ ಒಂದು ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ.