ಗಿಳಿಯ ಹೊಟ್ಟೆಗೆ ನೀಲಿ ದಾರ

ನಮ್ಮ ಮನೆಯ ಪಡಸಾಲೆಯಲ್ಲಿ ಕಟ್ಟು ಹಾಕಿಸಿದ ಒಂದು ಗಿಳಿ ಇದೆ. ಮ್ಯಾಟಿ ಬಟ್ಟೆಯ ಮೇಲೆ ನಮ್ಮವ್ವ ಹಾಕಿದ ಕ್ರಾಸ್ ಸ್ಟಿಚ್. ನಮ್ಮ ಧಾರವಾಡದ ಕಸೂತಿಯಲ್ಲಿ ಇದೇ ಬಗೆಯ ಹೊಲಿಗೆಗೆ ಮೆಂತೆ ಎನ್ನುತ್ತಾರೆ. ಎಳೆ ಎಣಿಸಿ, ಒಂದು ಚೌಕಕ್ಕೆ ಒಂದು ಬಣ್ಣ ತುಂಬುತ್ತ ಹೋಗುವ ಕೆಲಸ. ನಾನು ಎಸ್ಸೆಸ್ಸೆಲ್ಸಿ ಬರೆದ 1985ರ ಬೇಸಿಗೆಯಲ್ಲಿ ಅವ್ವ ಅದನ್ನು ಮುಗಿಸಿದಳು. ಹಸಿರು ಗಿಳಿಯ ನೆತ್ತಿಗೆ ಒಂದಿಷ್ಟು ಹಳದಿ, ಹೊಟ್ಟೆಯ ಕೆಳಗೆ ನೀಲಿ.

"ನೀಲಿ ಗಿಳಿ ಎಲ್ಲಿರತಾವಬೇ ಅವ್ವಾ?" ಎಂದು ನಾನು ನಕ್ಕೆ.

"ದೂರ ನಿಂತು ನೋಡವಾ" ಎಂದಳು.

ನಾನು ನೋಡಲಿಲ್ಲ. ನೆರಳು ಕಪ್ಪಗಿರುತ್ತದೆ ಎಂಬುದು ನನ್ನ ಜ್ಞಾನ. ಮರುದಿನ ಮಧ್ಯಾಹ್ನ ಅವ್ವ ಮಲಗಿದ್ದಾಗ ನೀಲಿಯನ್ನೆಲ್ಲ ಬಿಚ್ಚಿ ಕಪ್ಪು ದಾರ ತುಂಬಿಬಿಟ್ಟೆ. ಎದ್ದು ನೋಡಿದ ಅವ್ವ ಏನೂ ಅನ್ನಲಿಲ್ಲ. ಹಾಗೆಯೇ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು.

ಈ ಮಾತು ಮರೆತೇಹೋಗಿತ್ತು. ಹೋದ ದೀಪಾವಳಿಗೆ ಬೆಂಗಳೂರಿನಿಂದ ಮಗಳು ಬಂದಿದ್ದಳು. ಕಂಪ್ಯೂಟರ್ ಆಟಗಳಿಗೆ ಚಿತ್ರ ಬರೆಯುವುದು ಅವಳ ಉದ್ಯೋಗ. ಪರದೆಯ ಮೇಲಿನ ಒಂದೊಂದು ಪುಟ್ಟ ಚೌಕಕ್ಕೆ ಪಿಕ್ಸೆಲ್ ಎಂದು ಹೆಸರು. ಅಡ್ಡ ಹದಿನಾರು, ಉದ್ದ ಹದಿನಾರು, ಒಟ್ಟು 256 ಚೌಕಗಳಲ್ಲಿ ಅವಳೊಂದು ಮಾವಿನಹಣ್ಣು ಬರೆಯುತ್ತಿದ್ದಳು. ಹಳದಿ ಹಣ್ಣಿನ ನೆರಳಿನ ಬದಿಗೆ ಕೇಸರಿ, ಅದರ ಕೆಳಗೆ ಮಾಸಲು ನೇರಳೆ! "ಕಪ್ಪು ಯಾಕೆ ಬೇಡ?" ಎಂದೆ. "ಕರಿ ಹಾಕಿದ್ರ ಹಣ್ಣು ಕೊಳತಂಗ ಕಾಣ್ತದಮ್ಮ" ಎಂದಳು. ನನಗೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಆ ರಾತ್ರಿ ಅವಳ ಪಕ್ಕ ಕುಳಿತು ಈ ಪುಟ್ಟ ಚಿತ್ರಗಳ ಕಥೆ ಕೇಳಿದೆ.

ಕಥೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಫ್ರಾನ್ಸ್ ದೇಶದ ಪ್ಯಾರಿಸ್ಸಿನಲ್ಲಿ ಗೋಬ್ಲ್ಯಾನ್ ಎಂಬ ಹೆಸರಾಂತ ನೇಯ್ಗೆ ಕಾರ್ಖಾನೆ. ಗೋಡೆಗೆ ತೂಗುಹಾಕುವ ಚಿತ್ರವಸ್ತ್ರಗಳನ್ನು ಅಲ್ಲಿ ನೇಯುತ್ತಿದ್ದರು. 1824ರಲ್ಲಿ ಅಲ್ಲಿನ ಬಣ್ಣಗಾರಿಕೆಯ ಮುಖ್ಯಸ್ಥರಾಗಿ ಶೆವ್ರೆಲ್ ಎಂಬ ರಸಾಯನಶಾಸ್ತ್ರಜ್ಞರು ಬಂದರು. ಕಪ್ಪು ದಾರ ಸಾಕಷ್ಟು ಕಪ್ಪಾಗಿ ಕಾಣುವುದಿಲ್ಲ ಎಂದು ಅವರಿಗೆ ದೂರು ಬಂತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿದ್ದ ನೀಲಿ, ನೇರಳೆ ದಾರಗಳು ಕಪ್ಪನ್ನು ಮಂಕಾಗಿಸಿದ್ದವು. ನೆರೆಯ ಬಣ್ಣ ಈ ಬಣ್ಣದ ರೂಪವನ್ನೇ ಬದಲಿಸುತ್ತದೆ ಎಂದು 1839ರಲ್ಲಿ ಅವರು ದೊಡ್ಡ ಗ್ರಂಥವನ್ನೇ ಬರೆದರು. ರವಿಕೆ ಬಟ್ಟೆ ಕೊಳ್ಳುವಾಗ ಸೀರೆಯ ಪಕ್ಕ ಇಟ್ಟು ನೋಡುವ ನಮಗೆ ಇದು ಹೊಸದೇನಲ್ಲ ಬಿಡಿ.

ಇನ್ನು ಕಂಪ್ಯೂಟರಿನ ಕಾಲಕ್ಕೆ ಬರೋಣ. ಅಮೆರಿಕದ ಆ್ಯಪಲ್ ಕಂಪನಿ 1984ರ ಜನವರಿಯಲ್ಲಿ ಮ್ಯಾಕಿಂಟಾಷ್ ಎಂಬ ಕಂಪ್ಯೂಟರನ್ನು ಹೊರತಂದಿತು. ಅದರ ಪುಟ್ಟ ಚಿತ್ರಗಳನ್ನು ಬರೆದವರು ಸೂಸನ್ ಕೇರ್ ಎಂಬ ಮಹಿಳೆ. ಕಲೆ ಓದಿದವರು, ಕಂಪ್ಯೂಟರ್ ಕಲಿತವರಲ್ಲ. ಚೌಕುಳಿ ಹಾಳೆಯ ಪುಸ್ತಕ ತಂದು ಪೆನ್ನಿನಿಂದ ಚೌಕ ತುಂಬುತ್ತ ಹೋದರು. ಒಂದು ಚಿತ್ರಕ್ಕೆ 32 ಗುಣಿಲೆ 32, ಅಂದರೆ 1024 ಚೌಕ. ಬಣ್ಣಗಳೋ ಎರಡೇ, ಕಪ್ಪು ಮತ್ತು ಬಿಳುಪು. ಬೂದು ಬಣ್ಣ ಬೇಕಾದಲ್ಲಿ ಒಂದು ಕಪ್ಪು ಚೌಕ, ಒಂದು ಬಿಳಿ ಚೌಕ. ಬೆರಕೆ ಮಾಡುವ ಕೆಲಸ ನೋಡುವವರ ಕಣ್ಣಿಗೆ. ನಗುವ ಕಂಪ್ಯೂಟರಿನ ಚಿತ್ರ ಹುಟ್ಟಿದ್ದು ಹೀಗೆ. ಈಕೆಗೆ ಬಾಲ್ಯದಲ್ಲಿ ಎಳೆ ಎಣಿಸಿ ಹಾಕುವ ಕಸೂತಿಯನ್ನು ಕಲಿಸಿದ್ದು ಅವರ ತಾಯಿ! ಆ ಚೌಕುಳಿ ಪುಸ್ತಕ 2015ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಸೇರಿತು.

ಮಕ್ಕಳೆಲ್ಲ ಬಲ್ಲ ಮಾರಿಯೋನ ಕಥೆ ಇನ್ನೂ ಚೆಂದ. 1981ರಲ್ಲಿ ಜಪಾನಿನ ಶಿಗೆರು ಮಿಯಾಮೊಟೊ ಡಾಂಕಿ ಕಾಂಗ್ ಎಂಬ ಆಟಕ್ಕಾಗಿ ಅವನನ್ನು ಬರೆದಾಗ ಇದ್ದದ್ದು ಬಹಳ ಕಡಿಮೆ ಚೌಕ, ಮೂರ್ನಾಲ್ಕು ಬಣ್ಣ. ಕೂದಲು ಬರೆಯಲು ಜಾಗವಿಲ್ಲ, ಟೋಪಿ ಹಾಕಿದರು. ಬಾಯಿ ಬರೆಯುವುದು ಕಷ್ಟ, ಮೀಸೆ ಇಟ್ಟರು. ಮೂಗೂ ಎದ್ದು ಕಂಡಿತು. ಕೈ ಬೀಸುವುದು ಕಾಣಲೆಂದು ಅಂಗಿಗೊಂದು ಬಣ್ಣ, ಭುಜಕ್ಕೆ ಪಟ್ಟಿಯಿರುವ ಪ್ಯಾಂಟಿಗೊಂದು ಬಣ್ಣ ಕೊಟ್ಟರು. ನಾನು ನೀಲಿ ಬಿಚ್ಚಿದ ಅದೇ 1985ರಲ್ಲಿ ಬಂದ ಸೂಪರ್ ಮಾರಿಯೋ ಬ್ರದರ್ಸ್ ಆಟದಲ್ಲಿ ಆಕಾಶದ ಮೋಡ, ನೆಲದ ಪೊದೆ ಎರಡೂ ಒಂದೇ ಚಿತ್ರ. ಬಿಳಿ ತುಂಬಿದರೆ ಮೋಡ, ಹಸಿರು ತುಂಬಿದರೆ ಪೊದೆ. ಹಳೆಯ ಸೀರೆಗೆ ಬಣ್ಣ ಹಾಕಿಸಿ ಹಬ್ಬಕ್ಕೆ ಉಟ್ಟ ಹಾಗೆ!

ಬಣ್ಣ ಕಡಿಮೆಯಿದ್ದಾಗ ಆಯ್ಕೆ ಮುಖ್ಯ ಎಂದಳು ಮಗಳು. ಬೆಳಕು ಯಾವ ಕಡೆಯಿಂದ ಬೀಳುತ್ತದೆ ಎಂದು ಮೊದಲು ನಿಶ್ಚಯಿಸಬೇಕು. ಅದನ್ನು ಬಿಟ್ಟು ಅಂಚಿನ ಸುತ್ತಲೂ ಕಪ್ಪಾಗಿಸಿದರೆ ಯಾವ ವಸ್ತುವೂ ದಿಂಬಿನ ಹಾಗೆ ಕಾಣುತ್ತದೆ. ಬಿಸಿಲು ಬಿದ್ದಲ್ಲಿ ಬಣ್ಣ ಹಳದಿಯ ಕಡೆ ವಾಲುತ್ತದೆ. ನೆರಳಿಗೆ ಬೆಳಕು ಸಿಗುವುದು ನೀಲಿ ಆಕಾಶದಿಂದ. ಆದ್ದರಿಂದ ಅದು ನೀಲಿಯ ಕಡೆ, ನೇರಳೆಯ ಕಡೆ ವಾಲುತ್ತದೆ. ಇಷ್ಟು ವರ್ಷ ಪಾಠ ಹೇಳಿದ ನಾನು ಇದನ್ನು ಗಮನಿಸಿರಲಿಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಅವ್ವ ಹಿತ್ತಲಿನ ಪೇರಲ ಗಿಡದ ಗಿಳಿಗಳನ್ನು ನೋಡಿಯೇ ಅದನ್ನು ತಿಳಿದಿದ್ದಳು.

ಅವ್ವ ಈಗಿಲ್ಲ. ಮರುದಿನ ಕಟ್ಟು ಬಿಚ್ಚಿ ಬಟ್ಟೆಯನ್ನು ತಿರುಗಿಸಿ ನೋಡಿದೆವು. ಹಿಂಬದಿಯಲ್ಲಿ ನನ್ನ ಕತ್ತರಿಗೆ ಸಿಗದೆ ಉಳಿದ ನೀಲಿ ಎಳೆಯ ತುಣುಕು ಒಂದೆರಡು ಇದ್ದವು. ಅದನ್ನೇ ಒಯ್ದು ಪೇಟೆಯಲ್ಲಿ ಹೊಂದುವ ಲಡಿ ತಂದೆ. ನನ್ನ ಕಣ್ಣಿಗೆ ಈಗ ಚೌಕಗಳು ಸರಿಯಾಗಿ ಕಾಣುವುದಿಲ್ಲ. ಮಗಳು ಎಣಿಸಿದಳು, ನಾನು ಕಪ್ಪು ಬಿಚ್ಚಿ ನೀಲಿ ತುಂಬಿದೆ. ಎರಡು ಮಧ್ಯಾಹ್ನ ಹಿಡಿಯಿತು.

ಗೋಡೆಗೆ ಹಾಕಿದ ಮೇಲೆ ಬಾಗಿಲವರೆಗೂ ಹೋಗಿ, ದೂರ ನಿಂತು ನೋಡಿದೆ. ನೀಲಿ ಎಲ್ಲೂ ಕಾಣಲಿಲ್ಲ. ಹಸಿರು ಗಿಳಿಯೊಂದು ಹೊಟ್ಟೆ ತುಂಬಿಸಿಕೊಂಡು ಕುಳಿತಿತ್ತು.