ಬೆಳೆಯುವ ಗೋಲ್ಡ್‌ಫಿಶ್‌ಗೆ ಬಹುಕಾಲದ ಮನೆ



ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ನಮ್ಮ ಎಷ್ಟೋ ಮನೆಗಳಿಗೆ ಮಕ್ಕಳ ಹಟದಿಂದ ಗೋಲ್ಡ್‌ಫಿಶ್ ಬಂದಿರುತ್ತದೆ. ತಂದಾಗ ಅದು ಹೆಬ್ಬೆರಳಿನಷ್ಟು. ದುಂಡನೆಯ ಗಾಜಿನ ಬೋಗುಣಿ ಸಾಕೆನಿಸುತ್ತದೆ. ಕೆಲವೇ ತಿಂಗಳಲ್ಲಿ ಅದು ಸತ್ತರೆ ‘ಅದರ ಆಯುಷ್ಯವೇ ಅಷ್ಟು’ ಎಂದು ಮಕ್ಕಳಿಗೆ ಸಮಾಧಾನ ಹೇಳುತ್ತೇವೆ. ನಿಜಕ್ಕೂ ಇದು ಸರಿಯಾದ ಜಾಗ ಸಿಕ್ಕರೆ 10ರಿಂದ 15 ವರ್ಷ ಬದುಕುವ ಮೀನು. ಒಂದನೇ ತರಗತಿಯ ಮಗು ತಂದ ಮೀನು ಅದು ಕಾಲೇಜಿಗೆ ಹೋಗುವವರೆಗೂ ಜೊತೆಗಿರಬಹುದು.

ಎಷ್ಟು ಬೆಳೆಯುತ್ತದೆ?

ಗೋಲ್ಡ್‌ಫಿಶ್ ಗೆಂಡೆ ಮೀನಿನ ಕುಲಕ್ಕೆ ಸೇರಿದ್ದು. ಚೀನಾದಲ್ಲಿ ಸಾವಿರ ವರ್ಷಗಳಿಗೂ ಹಿಂದೆ ಇದನ್ನು ಕೊಳಗಳಲ್ಲಿ ಸಾಕತೊಡಗಿದರು. ಉದ್ದ ಮೈಯ ಸಾಮಾನ್ಯ ಜಾತಿ ಮತ್ತು ಕಾಮೆಟ್ ಸುಮಾರು ಒಂದು ಅಡಿಯವರೆಗೆ ಬೆಳೆಯಬಲ್ಲವು. ಒರಾಂಡಾ, ರ‍್ಯೂಕಿನ್‌ನಂಥ ಗುಂಡು ಮೈಯವು ಆರರಿಂದ ಎಂಟು ಇಂಚು. ‘ತೊಟ್ಟಿ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತದೆ’ ಎಂಬ ಮಾತನ್ನು ನಂಬಬೇಡಿ. ಇಕ್ಕಟ್ಟಿನಲ್ಲಿ ಬೆಳವಣಿಗೆ ನಿಲ್ಲುವುದು ಕೆಟ್ಟ ನೀರಿನಿಂದ. ಅದು ಆರೋಗ್ಯದ ಲಕ್ಷಣವಲ್ಲ.

ಬೋಗುಣಿ ಏಕೆ ಬೇಡ?

ಮೀನಿನ ಕಿವಿರು ಮತ್ತು ಮಲದಿಂದ ಅಮೋನಿಯ ನೀರಿಗೆ ಸೇರುತ್ತದೆ. ನೀರು ಕಡಿಮೆಯಿದ್ದಷ್ಟೂ ಅದು ಬೇಗ ವಿಷವಾಗುತ್ತದೆ. ಬೋಗುಣಿಯ ಬಾಯಿ ಕಿರಿದಾದ್ದರಿಂದ ಗಾಳಿಯೂ ಸಾಕಷ್ಟು ಬೆರೆಯದು. ಇಟಲಿಯ ರೋಮ್ ನಗರವು 2005ರಲ್ಲಿ ದುಂಡು ಬೋಗುಣಿಗಳಲ್ಲಿ ಮೀನು ಸಾಕುವುದನ್ನೇ ನಿಷೇಧಿಸಿತು.

ತೊಟ್ಟಿಯ ಅಳತೆ

ಗುಂಡು ಮೈಯ ಎರಡು ಮೀನಿಗೆ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ ಒಳ್ಳೆಯದು. ಅದರಲ್ಲಿ ಸುಮಾರು 170 ಲೀಟರ್ ನೀರು ನಿಲ್ಲುತ್ತದೆ. ನೀರಿನ ಭಾರವೇ 170 ಕಿಲೊ; ಆದ್ದರಿಂದ ಗಟ್ಟಿಯಾದ ಸ್ಟ್ಯಾಂಡ್ ಬೇಕು, ಟೀಪಾಯಿ ಸಾಲದು. ಎತ್ತರಕ್ಕಿಂತ ಉದ್ದ, ಅಗಲ ಮುಖ್ಯ.

ಕಾಮೆಟ್ ಮತ್ತು ಸಾಮಾನ್ಯ ಜಾತಿಗೆ ಹಿತ್ತಿಲಿನ ತೊಟ್ಟಿಯೇ ಸೂಕ್ತ. ಸಾವಿರ ಲೀಟರ್ ಹಿಡಿಯುವ, ಎರಡು ಮೂರು ಅಡಿ ಆಳದ ಸಿಮೆಂಟ್ ತೊಟ್ಟಿಯಾದರೆ ಚೆನ್ನ. ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ಬಿಡುತ್ತದೆ. ಕೆಲವು ವಾರ ನೀರು ತುಂಬಿಸಿ, ಚೆಲ್ಲಿ, ಮತ್ತೆ ತುಂಬಿಸಿ ಹದ ಮಾಡಿದ ಮೇಲೆಯೇ ಮೀನು ಬಿಡಿ. ಮಿಂಚುಳ್ಳಿ, ಕೊಕ್ಕರೆ, ಬೆಕ್ಕುಗಳ ಕಾಟಕ್ಕೆ ಮೇಲೊಂದು ಬಲೆ ಇರಲಿ.

ಮೊದಲ ತಿಂಗಳು

ಅಮೋನಿಯವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುವ ಸೂಕ್ಷ್ಮಾಣುಗಳು ಫಿಲ್ಟರಿನಲ್ಲಿ ನೆಲೆಸಲು ನಾಲ್ಕರಿಂದ ಆರು ವಾರ ಬೇಕು. ಹೊಸ ತೊಟ್ಟಿಯಲ್ಲಿ ಮೀನು ಸಾಯುವುದು ಹೆಚ್ಚಾಗಿ ಈ ಅವಧಿಯಲ್ಲೇ. ಇಲ್ಲಿ ನಾವು ಪರಸ್ಪರ ನೆರವಾಗಬಹುದು: ಆರೋಗ್ಯವಂತ ಮೀನುಗಳಿರುವ ಹಳೆಯ ತೊಟ್ಟಿಯ ಫಿಲ್ಟರ್ ಸ್ಪಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ತಂದು ಹೊಸ ಫಿಲ್ಟರಿನಲ್ಲಿ ಇಟ್ಟರೆ ಕೆಲಸ ಬೇಗ ಆಗುತ್ತದೆ. ಸ್ಪಂಜನ್ನು ನಲ್ಲಿಯ ನೀರಿನಲ್ಲಿ ತೊಳೆಯಬೇಡಿ, ಕ್ಲೋರಿನ್ ಆ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.

ನೀರು, ಬೇಸಿಗೆ, ಕರೆಂಟು

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಪೂರ್ತಿ ಚೆಲ್ಲಬೇಡಿ. ನಲ್ಲಿ ಅಥವಾ ಟ್ಯಾಂಕರ್ ನೀರಿಗೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ಹಾಕಿ. ತೆಗೆದ ನೀರನ್ನು ಕುಂಡದ ಗಿಡಗಳಿಗೆ ಹಾಕಬಹುದು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಕೊಡಿ.

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿ ತೊಟ್ಟಿ ಬಿಸಿಲಿನಿಂದ ದೂರ ಇರಲಿ, ಏರ್ ಪಂಪ್ ಸದಾ ನಡೆಯಲಿ. ಕರೆಂಟು ಹೋದಾಗ ನಡೆಯುವ ಬ್ಯಾಟರಿ ಪಂಪ್ ಒಂದನ್ನು ಇಟ್ಟುಕೊಳ್ಳಿ. ಮೀನು ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಟ್ಟರೆ ಕೂಡಲೇ ನೀರು ಪರೀಕ್ಷಿಸಿ.

ಜಾಗ ಸಾಲದಾದಾಗ

ಮೀನು ಬೆಳೆದು ತೊಟ್ಟಿ ಸಾಲದಾದರೆ ರಂಕಾಳ ಕೆರೆಗೋ ಪಂಚಗಂಗೆಗೋ ಹಿರಣ್ಯಕೇಶಿಗೋ ಬಿಡುವುದು ಪುಣ್ಯವೆಂದು ಕೆಲವರು ತಿಳಿಯುತ್ತಾರೆ. ಅದು ತಪ್ಪು. ಈ ಮೀನು ಕೆಸರು ಕೆದಕುತ್ತದೆ, ಬೇರೆ ಮೀನುಗಳ ಮೊಟ್ಟೆ ತಿನ್ನುತ್ತದೆ, ತೊಟ್ಟಿಯ ರೋಗವನ್ನೂ ಒಯ್ಯುತ್ತದೆ. ಪಂಚಗಂಗೆ ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಸೇರಿ ಕರ್ನಾಟಕಕ್ಕೆ ಹೋಗುತ್ತದೆ. ಹಿರಣ್ಯಕೇಶಿ ಗಡಹಿಂಗ್ಲಜ ದಾಟಿ ಸಂಕೇಶ್ವರದ ಕಡೆಗೆ ಹರಿಯುತ್ತದೆ. ನಾವಿಲ್ಲಿ ಬಿಟ್ಟದ್ದು ಅಲ್ಲಿನ ನಮ್ಮವರ ನೀರಿಗೂ ಸೇರುತ್ತದೆ.

ಅದರ ಬದಲು ದೊಡ್ಡ ತೊಟ್ಟಿ ಇರುವ ಸದಸ್ಯರೊಬ್ಬರಿಗೆ ಕೊಡಿ. ಮೂರೂ ಊರುಗಳಲ್ಲಿ ಹಿತ್ತಿಲಿನ ತೊಟ್ಟಿ ಇರುವವರು ಮುಂದಿನ ಸಭೆಯಲ್ಲಿ ತಿಳಿಸಿದರೆ, ಮೀನಿಗೆ ಮನೆ ಹುಡುಕುವವರಿಗೆ ದಾರಿಯಾಗುತ್ತದೆ. ಹೊಸದಾಗಿ ಕೊಳ್ಳುವವರಲ್ಲಿ ನಮ್ಮ ವಿನಂತಿ ಒಂದೇ: ಮೊದಲು ತೊಟ್ಟಿ, ಆಮೇಲೆ ಮೀನು.